ಮುಚ್ಚಳ ಏಳುವ ತನಕ

ಆಸ್ಪತ್ರೆಯ ಲಾಂಡ್ರಿಗೆ ನಾನು ಸೇರಿದ ಮೊದಲ ದಿನ ದೊಡ್ಡಮ್ಮ ನನಗೆ ಕಲಿಸಿದ್ದು ಇಪ್ಪತ್ತರವರೆಗೆ ಎಣಿಸುವುದನ್ನು. ಅಷ್ಟಿಷ್ಟು ಓದಿಕೊಂಡಿದ್ದವಳಿಗೆ ಇದಕ್ಕಿಂತ ಅವಮಾನ ಇನ್ನೇನು ಬೇಕು ಎಂದು ಮುಖ ಊದಿಸಿಕೊಂಡೇ ಕಲಿತೆ.

“ಮುಚ್ಚಳ ಎಳಿ. ಒತ್ತಿ ಹಿಡಿ. ಇಪ್ಪತ್ತು ಎಣಿಸು, ಬಿಡು. ಹತ್ತಕ್ಕೇ ಬಿಟ್ರೆ ಸುಕ್ಕು ಹಾಗೇ ಇರುತ್ತೆ, ನಲವತ್ತಾದ್ರೆ ಬಟ್ಟೆ ಸೀದು ಹೋಗುತ್ತೆ. ಇಷ್ಟೇ ವಿದ್ಯೆ.”

“ಇಷ್ಟೇನಾ?”

“ಇಷ್ಟೇ. ನಂಗೆ ಬರೋಕೆ ಎರಡು ವರ್ಷ ಹಿಡೀತು.”

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ನನ್ನನ್ನು ಆ ಕೆಲಸಕ್ಕೆ ಸೇರಿಸಿದ್ದೂ ಅವಳೇ. ಲಾಂಡ್ರಿ ಇದ್ದದ್ದು ಆಸ್ಪತ್ರೆಯ ಹಿಂಭಾಗದಲ್ಲಿ. ಒಂದು ಬಾಗಿಲಿನಿಂದ ಮಾಸಿದ ಬಟ್ಟೆ ಒಳಗೆ ಬರುತ್ತದೆ, ಇನ್ನೊಂದರಿಂದ ಮಡಿಸಿದ್ದು ಹೊರಗೆ ಹೋಗುತ್ತದೆ. ನಡುವೆ ಒಗೆಯುವ ಮಿಷನ್ನು, ಒಣಗಿಸುವ ಮಿಷನ್ನು, ಕಿಟಕಿಯ ಪಕ್ಕ ಸಾಲಾಗಿ ನಾಲ್ಕು ಸ್ಟೀಮ್ ಪ್ರೆಸ್ಸು. ಪ್ರೆಸ್ಸೆಂದರೆ ಕೆಳಗೆ ಮೆತ್ತೆ ಹೊದಿಸಿದ ಹಲಗೆ, ಮೇಲೆ ಕಾದ ಕಬ್ಬಿಣದ ಮುಚ್ಚಳ. ಮುಚ್ಚಳಕ್ಕೆ ಸ್ಪ್ರಿಂಗು. ಕೈಬಿಟ್ಟರೆ ತಾನೇ ಮೇಲೇಳುತ್ತದೆ, ಹಾಗಾಗಿ ಎರಡೂ ಕೈಯಲ್ಲಿ ಒತ್ತಿ ಹಿಡಿದೇ ನಿಲ್ಲಬೇಕು. ಹೊತ್ತು ತಿಳಿಸಲು ಗಂಟೆಯಿಲ್ಲ, ದೀಪವಿಲ್ಲ. ಎಣಿಕೆಯೇ ಗತಿ.

ಒಬ್ಬೊಬ್ಬರ ಎಣಿಕೆ ಒಂದೊಂದು ಥರ. ಮೊದಲನೇ ಪ್ರೆಸ್ಸಿನವಳು ಶಾಲೆಯ ಮಕ್ಕಳಂತೆ ಗಟ್ಟಿಯಾಗಿ ಎಣಿಸುತ್ತಿದ್ದಳು. ಎರಡನೆಯದನ್ನು ನನಗೆ ಕೊಟ್ಟಿದ್ದರು. ಮೂರನೆಯವಳು ಎಣಿಸುತ್ತಲೇ ಇರಲಿಲ್ಲ, ಅತ್ತೆಯನ್ನು ಬೈಯುತ್ತಿದ್ದಳು. ದಿನವೂ ಅದೇ ಬೈಗುಳ, ಅದೇ ಕ್ರಮ, ಬೈದು ಮುಗಿಸುವಾಗ ಸರಿಯಾಗಿ ಇಪ್ಪತ್ತು. ಆ ಅತ್ತೆ ತೀರಿಕೊಂಡ ವಾರ ಮೂರನೇ ಪ್ರೆಸ್ಸಿನ ಬಟ್ಟೆಯೆಲ್ಲ ಸುಕ್ಕುಸುಕ್ಕಾಗಿ ಬಂತು. ನಾಲ್ಕನೆಯದು ದೊಡ್ಡಮ್ಮನದು. ಅವಳ ತುಟಿ ಅಲುಗುತ್ತಿತ್ತು, ಆದರೆ ಅದು ಅಂಕಿಯಲ್ಲ ಎಂಬುದು ನನಗೆ ವಾರದೊಳಗೇ ಗೊತ್ತಾಯಿತು. ಹನ್ನೊಂದು ಹನ್ನೆರಡು ಎನ್ನುವಾಗ ಬಾಯಿ ಆಡುವ ಬಗೆಯೇ ಬೇರೆ.

“ದೊಡ್ಡಮ್ಮಾ, ನೀನು ಎಣಿಸ್ತಾ ಇಲ್ಲ.”

“ನಿನ್ನ ದಿಂಬಿನ ಕವರು ನೋಡ್ಕೋ.”

ನಾನು ಬಿಡುವ ಪೈಕಿಯಲ್ಲ. ಊಟದ ಹೊತ್ತಿನಲ್ಲಿ, ಬಸ್ಸಿನಲ್ಲಿ, ಕೈ ತೊಳೆಯುವ ನಲ್ಲಿಯ ಹತ್ತಿರ, ಎಲ್ಲ ಕಡೆ ಬೆನ್ನು ಹತ್ತಿದೆ. ತಿಂಗಳಾದ ಮೇಲೆ ಬಾಯಿಬಿಟ್ಟಳು.

ಅಜ್ಜಿಗೆ, ಅಂದರೆ ಅವಳ ಅಮ್ಮನಿಗೆ, ಒಂದು ಅಭ್ಯಾಸವಿತ್ತಂತೆ. ಬೆಳಿಗ್ಗೆ ಎದ್ದವಳೇ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಒಂದು ಗಂಟೆ ಕೂರುವುದು. ಕೈಯಲ್ಲಿ ಪುಸ್ತಕವಿಲ್ಲ, ಬಾಯಲ್ಲಿ ಹಾಡಿಲ್ಲ. ಆ ಗಂಟೆ ಮನೆಯವರು ಯಾರೂ ಅವಳನ್ನು ಕರೆಯುವ ಹಾಗಿಲ್ಲ. ಚಿಕ್ಕವಳಿದ್ದ ದೊಡ್ಡಮ್ಮ ಬಾಗಿಲ ಸಂದಿಯಲ್ಲಿ ಕಾದು ಕೂತು, ಕಣ್ಣು ಬಿಡುವ ಅಜ್ಜಿಯ ಮುಖ ನೋಡುತ್ತಿದ್ದಳಂತೆ. ಒಂದು ದಿನ ಕೇಳಿಯೇಬಿಟ್ಟಳು, ಒಳಗೊಳಗೇ ಏನು ಹೇಳ್ತೀಯಾ ಎಂದು.

“ಏನಿಲ್ಲ. ನಾನಿಲ್ಲಿದ್ದೀನಿ, ನೀನೂ ಇರು ಅಂತೀನಿ. ಅಷ್ಟೇ.”

“ದೇವರಿಗಾ?”

“ಇನ್ಯಾರಿಗೆ, ನಿಮ್ಮಪ್ಪನಿಗಾ?”

“ಬರ್ತಾನಾ?”

“ಒಂದೊಂದ್ಸಲ,” ಎಂದಳಂತೆ ಅಜ್ಜಿ.

ಆ ‘ಒಂದೊಂದ್ಸಲ’ ದೊಡ್ಡಮ್ಮನ ಎದೆಯಲ್ಲಿ ಕೂತುಬಿಟ್ಟಿತು. ನನ್ನ ಅಮ್ಮನೂ ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವಳು, ಅವಳಿಗೆ ಅಜ್ಜಿಯಿಂದ ಬಂದದ್ದು ಮಂಡಿನೋವು ಮಾತ್ರ. ದೊಡ್ಡಮ್ಮನಿಗೆ ಬಂದದ್ದು ಈ ಹಂಬಲ. ಮದುವೆಯಾಗಿ ಹೋಗುವಾಗ ಏನು ಬೇಕು ಎಂದು ಕೇಳಿದರೆ ಆ ಬೆತ್ತದ ಕುರ್ಚಿ ಕೇಳಿದಳು, ತೆಗೆದುಕೊಂಡೂ ಹೋದಳು. ಕೂರಲು ಪುರುಸೊತ್ತು ಮಾತ್ರ ಸಿಗಲಿಲ್ಲ.

ಮೂರು ಕೋಣೆಯ ಮನೆ. ಹಾಸಿಗೆ ಹಿಡಿದ ಅತ್ತೆ, ಅವರ ಔಷಧದ ಡಬ್ಬಗಳು ಆ ಕುರ್ಚಿಯ ಮೇಲೆ. ಎರಡು ಮಕ್ಕಳು, ಅವುಗಳ ಚೀಲ ಕುರ್ಚಿಯ ಬೆನ್ನಿಗೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ದೊಡ್ಡಪ್ಪ, ಅವರ ಗ್ರೀಸು ಮೆತ್ತಿದ ಅಂಗಿ ಕುರ್ಚಿಯ ತೋಳಿಗೆ. ದೊಡ್ಡಮ್ಮ ಐದಕ್ಕೆ ಏಳುವುದನ್ನು ನಾಲ್ಕೂವರೆಗೆ ಮಾಡಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನೋಡಿದಳು. ಸ್ಟೂಲು ಕಿರ್ ಎಂದರೆ ಒಳಗಿನಿಂದ ಅತ್ತೆ “ಯಾರದು? ಎದ್ದಿದ್ದೀಯಲ್ಲ, ಒಂಚೂರು ಬಾ” ಎನ್ನುತ್ತಿದ್ದರು. ಬಚ್ಚಲಲ್ಲಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ನೋಡಿದಳು. ಹತ್ತು ನಿಮಿಷಕ್ಕೆ ದೊಡ್ಡಪ್ಪ ಬಾಗಿಲು ಬಡಿದರು.

“ಏನೇ, ಜಾರಿ ಬಿದ್ಯಾ?”

“ಇಲ್ಲ.”

“ಮತ್ತೆ ನೀರಿನ ಸದ್ದೇ ಇಲ್ವಲ್ಲ?”

ವಿಷಯ ತಿಳಿದ ಮೇಲೆ ಅವರು ತಮಾಷೆ ಮಾಡಲು ಶುರುಮಾಡಿದರು. “ಪಾಪ, ದೇವರು ದಿನಾ ಬಂದು ನಮ್ಮನೆ ಬಚ್ಚಲ ಮುಂದೆ ಸಾಲಲ್ಲಿ ನಿಲ್ಲಬೇಕು ಅಂದ್ರೆ ಹೇಗೆ?” ದೊಡ್ಡಪ್ಪ ಕೆಟ್ಟವರಲ್ಲ. ಹೆಂಡತಿಗೆ ಒಂದು ಗಂಟೆ ಬೇಕು ಎಂದರೆ ಅದು ಎಲ್ಲಿಂದ ಬರಬೇಕು ಎಂದು ಮಾತ್ರ ಅವರು ಒಂದು ದಿನವೂ ಯೋಚಿಸಲಿಲ್ಲ. ಹೇಳಬೇಕೆನಿಸಿತು, ಹೇಳಿದ್ದೇನೆ.

ಕೊನೆಗೆ ಪ್ರೆಸ್ಸಿನ ಮುಂದೆ ನಿಂತಾಗ ಅವಳಿಗೆ ಹೊಳೆಯಿತು. ಲಾಂಡ್ರಿಯಲ್ಲಿ ಒಂದು ಕಟ್ಟುನಿಟ್ಟಿದೆ: ಮುಚ್ಚಳ ಹಿಡಿದವರನ್ನು ಮಾತಾಡಿಸಬಾರದು. ಎಣಿಕೆ ತಪ್ಪುತ್ತದೆ, ಕೈ ಸುಡುತ್ತದೆ. ಅಂದರೆ ಆ ಇಪ್ಪತ್ತು ಎಣಿಸುವಷ್ಟು ಹೊತ್ತು ಅತ್ತೆ, ಗಂಡ, ಮಕ್ಕಳು, ಸೂಪರ್‌ವೈಸರ್ ಯಾರೂ ಅವಳನ್ನು ಕರೆಯುವ ಹಾಗಿಲ್ಲ. ‘ನಾನಿಲ್ಲಿದ್ದೀನಿ, ನೀನೂ ಇರು’ ಎಂದು ನಿಧಾನವಾಗಿ ಹೇಳಿದರೆ ಐದು ಎಣಿಸುವಷ್ಟು ಹೊತ್ತು. ನಾಲ್ಕು ಸಲ ಹೇಳಿದರೆ ಇಪ್ಪತ್ತು. ಮುಚ್ಚಳ ಮೇಲೆ. ದಿನಕ್ಕೆ ಮುನ್ನೂರು ಸಲವಾದರೂ ಆ ಮುಚ್ಚಳ ಏಳುತ್ತಿತ್ತು, ಬೀಳುತ್ತಿತ್ತು.

“ಹಾಗಾದ್ರೆ ಎಲ್ಲ ಸೇರಿ ಅಜ್ಜಿಗಿಂತ ಜಾಸ್ತಿಯೇ ಆಯ್ತಲ್ಲ ದೊಡ್ಡಮ್ಮ,” ಎಂದೆ ನಾನು.

“ಚೂರುಚೂರನ್ನ ಕೂಡಿಸಿದ್ರೆ ಗಂಟೆ ಆಗಲ್ಲ ಕಣೇ. ಇದು ಸದ್ಯಕ್ಕೆ. ನಿವೃತ್ತಿ ಆಗಲಿ, ಆ ಕುರ್ಚಿ ಖಾಲಿ ಮಾಡಿ ಸರಿಯಾಗಿ ಕೂತ್ಕೋತೀನಿ.”

ನನಗೆ ದೇವರ ವಿಷಯದಲ್ಲಿ ಹೇಳಿಕೊಳ್ಳುವಂಥ ಒಲವಿರಲಿಲ್ಲ. ಇದ್ದರೆ ಇರಲಿ, ನನ್ನ ತಂಟೆಗೆ ಬಾರದಿದ್ದರೆ ಸಾಕು ಎನ್ನುವ ಪೈಕಿ. ಹಾಗಾಗಿ ನಾನು ಅಂಕಿಯಲ್ಲೇ ಎಣಿಸಿದೆ.

ಎರಡನೇ ವರ್ಷ, ಒಂದು ಬೆಳಿಗ್ಗೆ. ವೈದ್ಯರ ಬಿಳಿ ಕೋಟುಗಳ ಸರದಿ. ನಾನು ಪಕ್ಕದ ಮೇಜಿನಲ್ಲಿ ಮಡಿಸುತ್ತಿದ್ದೆ. ಸೀದ ವಾಸನೆ ಮೂಗಿಗೆ ಬಡಿಯಿತು. ಮೂರನೆಯವಳಿರಬೇಕು ಎಂದು ನೋಡಿದರೆ ಅವಳು ಮೂಗು ಮುಚ್ಚಿಕೊಂಡು ದೊಡ್ಡಮ್ಮನ ಕಡೆ ನೋಡುತ್ತಿದ್ದಳು. ದೊಡ್ಡಮ್ಮ ಮುಚ್ಚಳ ಹಿಡಿದು ನಿಂತಿದ್ದಳು. ಕಣ್ಣು ತೆರೆದೇ ಇತ್ತು, ಕಿಟಕಿಯ ಕಡೆ. ಆ ಕಿಟಕಿಯ ಹೊರಗೆ ಇರುವುದು ಒಂದು ಗೋಡೆ, ಒಂದು ಪೈಪು. ತುಟಿ ಅಲುಗುತ್ತಿರಲಿಲ್ಲ.

“ದೊಡ್ಡಮ್ಮಾ!”

ಮೂರು ಸಲ ಕೂಗಿದೆ. ಕೊನೆಗೆ ಹೋಗಿ ಕೈ ಹಿಡಿದು ಎಳೆದೆ. ಮುಚ್ಚಳ ಎದ್ದಿತು, ಹೊಗೆ ಬಂತು, ಕೋಟಿನ ಬೆನ್ನು ಪೂರ್ತಿ ಕಂದು ಬಣ್ಣಕ್ಕೆ ತಿರುಗಿತ್ತು. ದೊಡ್ಡಮ್ಮ ನನ್ನ ಕಡೆ ತಿರುಗಿ ನಕ್ಕಳು. ನನ್ನನ್ನು ನೋಡಿ ಆ ಥರ ಯಾರೂ ನಕ್ಕಿಲ್ಲ, ಮದುವೆಯ ದಿನ ನನ್ನ ಗಂಡ ಕೂಡ. ಆಮೇಲೆ ಅವಳ ಕಣ್ಣು ಕೋಟಿನ ಮೇಲೆ ಬಿತ್ತು. ನಗು ಹಾಗೇ ಒಣಗಿತು.

ನಮ್ಮ ಸೂಪರ್‌ವೈಸರಿಗೆ ನಾವು ಇಟ್ಟ ಹೆಸರು ಗಡಿಯಾರ. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವ ಮನುಷ್ಯ. ಓಡಿ ಬಂದವರು ಕೋಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ಏನಮ್ಮ ಇದು? ಇಷ್ಟು ವರ್ಷದ ಅನುಭವ ಇರೋರು ನೀವು. ನಿದ್ದೆ ಮಾಡ್ತಿದ್ರಾ?”

“ಇಲ್ಲ ಸಾರ್.”

“ಮತ್ತೆ?”

ದೊಡ್ಡಮ್ಮ ಕೋಟಿನ ಕಂದು ಕಲೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು.

“ನಾಳೆಯಿಂದ ನೀವು ವಿಂಗಡಣೆಗೆ ಹೋಗಿ.”

ವಿಂಗಡಣೆ ಎಂದರೆ ಹಿಂದಿನ ಕೋಣೆ. ಮಾಸಿದ ಬಟ್ಟೆಯ ರಾಶಿ ಬಂದು ಬೀಳುತ್ತಲೇ ಇರುತ್ತದೆ, ರಕ್ತದ್ದು ಒಂದು ಕಡೆ, ಉಳಿದದ್ದು ಒಂದು ಕಡೆ. ನಿಂತಲ್ಲಿ ನಿಲ್ಲುವಂತಿಲ್ಲ. ಇಪ್ಪತ್ತು ಹೋಗಲಿ, ಮೂರು ಎಣಿಸುವಷ್ಟೂ ಬಿಡುವಿಲ್ಲ. ದೊಡ್ಡಮ್ಮ ಯಾರ ಮುಂದೆಯೂ ಕೈಚಾಚಿದವಳಲ್ಲ. ಅವತ್ತು ಗಡಿಯಾರದ ಹಿಂದೆ ಹಿಂದೆ ಬಾಗಿಲ ತನಕ ಹೋದಳು. “ಇನ್ನೊಂದ್ಸಲ ಆಗಲ್ಲ ಸಾರ್. ಪ್ರೆಸ್ಸಿಂದ ಮಾತ್ರ ತೆಗೀಬೇಡಿ. ಇನ್ನು ಯಾವತ್ತೂ ಆಗಲ್ಲ.” ಅವಳ ದನಿ ಕೇಳಲಾಗದೆ ನಾನು ನಲ್ಲಿ ಜೋರಾಗಿ ಬಿಟ್ಟೆ. ಅವರು ಮಣಿಕಟ್ಟು ನೋಡಿಕೊಂಡು, ಇದೇ ಕೊನೆ ಎಂದು ಹೇಳಿ ಹೋದರು.

ದೊಡ್ಡಮ್ಮ ನಲ್ಲಿಯ ಹತ್ತಿರ ಬಂದು ಮುಖಕ್ಕೆ ನೀರು ಹಾಕಿಕೊಂಡು ನನ್ನ ತೋಳು ಹಿಡಿದಳು.

“ಬಂದಿತ್ತು ಕಣೇ.”

“ಏನು?”

“ಅಜ್ಜಿ ಹೇಳ್ತಿದ್ದ ಒಂದೊಂದ್ಸಲ.”

“ಹೇಗಿತ್ತು?”

“ಪಕ್ಕದಲ್ಲಿ ಇನ್ಯಾರೋ ನಿಂತು ಮುಚ್ಚಳ ಹಿಡ್ಕೊಂಡ ಹಾಗೆ. ನನ್ನ ತೋಳಿಗೆ ಭಾರವೇ ಇರ್ಲಿಲ್ಲ.” ಇಷ್ಟು ಹೇಳಿ ಅತ್ತಳು. ಕೋಟಿಗಾಗಿ ಅತ್ತಳೋ ಅದಕ್ಕಾಗಿಯೋ ನನಗೆ ತಿಳಿಯಲಿಲ್ಲ.

ಆಮೇಲೆ ಒಂಬತ್ತು ವರ್ಷ ಅವಳು ಅದೇ ಪ್ರೆಸ್ಸಿನಲ್ಲಿ ದುಡಿದಳು. ಒಂದೇ ಒಂದು ಬಟ್ಟೆ ಸೀಯಲಿಲ್ಲ. ಆ ನಾಲ್ಕು ಸಲದ ಮಾತನ್ನು ಬಿಡಲಿಲ್ಲ, ಆದರೆ ಮೈಯೆಲ್ಲ ಕಣ್ಣಾಗಿ ಹೇಳುತ್ತಿದ್ದಳು. ಒಮ್ಮೊಮ್ಮೆ ಮುಚ್ಚಳ ಎತ್ತಿದ ಮೇಲೆ ಸುಮ್ಮನೆ ನಿಂತುಬಿಡುವಳು. ನಾನು ನೋಡಿದರೆ, “ಈಗ ಬರೋ ಹಾಗಿತ್ತು. ಕೈ ಬಿಟ್ಟೆ,” ಎನ್ನುವಳು. ಅವಳೇ ಬಿಡುತ್ತಿದ್ದಳು. ಹತ್ತಿರ ಬಂತು ಎನಿಸಿದ ತಕ್ಷಣ ಬೇಕೆಂದೇ.

“ಅವನಿಗೆ ಹೇಳಿಟ್ಟಿದೀನಿ. ಸ್ವಲ್ಪ ತಾಳು, ನಿವೃತ್ತಿ ಆಗಲಿ, ಆಮೇಲೆ ಬೇಕಾದಷ್ಟು ಹೊತ್ತು ಇರುವಂತೆ ಅಂತ.”

“ಒಪ್ಪಿದ್ನಾ?”

“ಒಪ್ಪದೆ ಏನು ಮಾಡ್ತಾನೆ? ಮನೆ ಸಂಸಾರ ಅವನಿಗೂ ಗೊತ್ತಲ್ಲ.”

ಈ ಮಾತನ್ನು ನಗುತ್ತಾ ಹೇಳುವಳು. ಆದರೆ ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಅವಳ ಮುಖ ನೋಡಲಾಗದೆ ನಾನು ಟಿಕೆಟ್ಟು ಮಡಿಸುತ್ತಾ ಕೂರುತ್ತಿದ್ದೆ. ಹೊಸದಾಗಿ ಮದುವೆಯಾಗಿ ಗಂಡನನ್ನು ದೂರ ಕಳಿಸಿದ ಹುಡುಗಿಯರ ಮುಖ ಹಾಗಿರುತ್ತದೆ. ಇವಳಿಗೆ ಐವತ್ತು ದಾಟಿತ್ತು.

ಆ ವರ್ಷಗಳಲ್ಲಿ ಅತ್ತೆ ತೀರಿಕೊಂಡರು, ಔಷಧದ ಡಬ್ಬ ಹೋದವು. ಮಕ್ಕಳು ತಮ್ಮ ತಮ್ಮ ಮನೆ ಮಾಡಿಕೊಂಡರು, ಚೀಲಗಳು ಹೋದವು. ಕುರ್ಚಿಯ ಮೇಲೆ ದೊಡ್ಡಪ್ಪನ ಅಂಗಿಯೊಂದು ಉಳಿಯಿತು. ನಿವೃತ್ತಿಯ ದಿನ ಲಾಂಡ್ರಿಯವರೆಲ್ಲ ಸೇರಿ ಅವಳಿಗೆ ಒಂದು ಶಾಲು ಕೊಟ್ಟೆವು. ಸೂಪರ್‌ವೈಸರ್ ತಾವಾಗಿ ಒಂದು ಗೋಡೆ ಗಡಿಯಾರ ಕೊಟ್ಟರು, ನಾವು ನಗು ತಡೆಯಲಾಗದೆ ಸಾಯುವ ಹಾಗಾಯಿತು. ಮನೆಗೆ ಹೋದವಳೇ ದೊಡ್ಡಪ್ಪನ ಅಂಗಿಯನ್ನು ಮೊಳೆಗೆ ಹಾಕಿ, ಕುರ್ಚಿಯ ಬೆತ್ತವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಪಕ್ಕಕ್ಕೆ ಎಳೆದಳು.

ಮೊದಲ ವಾರ ಕೇಳಿದೆ. “ಚೆನ್ನಾಗಿದೆ,” ಎಂದಳು. ತಿಂಗಳಾದ ಮೇಲೆ ಕೇಳಿದೆ. “ಚೆನ್ನಾಗಿದೆ,” ಎಂದಳು. ಚೆನ್ನಾಗಿರುವವರು ಹಾಗೆ ಹೇಳುವುದಿಲ್ಲ.

ಮೂರನೇ ತಿಂಗಳು, ನನಗೆ ರಜೆಯಿದ್ದ ಒಂದು ಬೆಳಿಗ್ಗೆ, ಹೇಳದೆ ಹೋದೆ. ದೊಡ್ಡಪ್ಪ ಎಲ್ಲೋ ಹೊರಗೆ ಹೋಗಿದ್ದರು. ಬಾಗಿಲು ತೆರೆದೇ ಇತ್ತು. ದೊಡ್ಡಮ್ಮ ಕುರ್ಚಿಯಲ್ಲಿ ಕೂತು, ಅದರ ಎರಡೂ ತೋಳನ್ನು ಗಟ್ಟಿಯಾಗಿ ಕೆಳಕ್ಕೆ ಒತ್ತಿ ಹಿಡಿದಿದ್ದಳು. ತುಟಿ ಅಲುಗುತ್ತಿತ್ತು. ನನಗೆ ಅರಿವಿಲ್ಲದೆ ನಾನೂ ಎಣಿಸಿದೆ. ಇಪ್ಪತ್ತಕ್ಕೆ ಅವಳ ಎರಡೂ ಕೈ ತಾವಾಗಿ ಮೇಲೆದ್ದವು. ಮತ್ತೆ ಒತ್ತಿದಳು, ಇಪ್ಪತ್ತು, ಮತ್ತೆ ಎದ್ದವು. ನನಗೆ ನಗು ಬಂತು. ನಕ್ಕೂಬಿಟ್ಟೆ. ಅವಳು ತಿರುಗಿದಾಗ ಕೆನ್ನೆಯೆಲ್ಲ ಒದ್ದೆ.

“ಎಲ್ಲ ಇದೆ ಕಣೇ,” ಎಂದಳು. “ಕುರ್ಚಿ ಇದೆ. ಕಿಟಕಿ ಇದೆ. ಕರೆಯೋರು ಯಾರೂ ಇಲ್ಲ. ಬೆಳಿಗ್ಗೆಯಿಂದ ಸಂಜೆ ತನಕ ನಂದೇ ಹೊತ್ತು. ಅವನೊಬ್ಬ ಇಲ್ಲ.”

“ಬರ್ತಾನೆ ಬಿಡು.”

“ಬರಲ್ಲ. ಒಂಬತ್ತು ವರ್ಷ ಬಾಗಿಲಿಗೆ ಬಂದೋನನ್ನ ದಿನಾ ವಾಪಸ್ಸು ಕಳಿಸಿದ್ದೀನಿ. ಬೇಜಾರು ಮಾಡ್ಕೊಂಡು ಹೋಗಿದಾನೆ.”

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. “ಬೇಜಾರು ಮಾಡ್ಕೊಳ್ಳೋಕೆ ಅವನೇನು ನಮ್ಮ ಸೋದರಮಾವನಾ? ಮದುವೆಗೆ ಸರಿಯಾಗಿ ಕರೀಲಿಲ್ಲ ಅಂತ ಹತ್ತು ವರ್ಷ ಮುಖ ತಿರುಗಿಸೋಕೆ?”

ಅವಳಿಗೂ ಸ್ವಲ್ಪ ನಗು ಬಂತು. ಆಮೇಲೆ ಮೆಲ್ಲಗೆ, “ಅಲ್ಲಿ ಕೈಗೆ ಮುಚ್ಚಳ ಇತ್ತು. ಅದು ಸದ್ಯಕ್ಕೆ ಮಾತ್ರ ಅಂದ್ಕೊಂಡಿದ್ದೆ. ಈ ಕುರ್ಚಿಗೆ ಕಾದೆ. ಅದೇ ನನ್ನದಾಗಿತ್ತೇನೋ,” ಎಂದಳು.

ಅದೇ ಹೊತ್ತಿಗೆ ಲಾಂಡ್ರಿಗೆ ಹೊಸ ಪ್ರೆಸ್ಸುಗಳು ಬರುವ ಸುದ್ದಿಯಿತ್ತು. ಗುಂಡಿ ಒತ್ತಿದರೆ ಮುಚ್ಚಳ ತಾನೇ ಬೀಳುತ್ತದೆ, ಹೊತ್ತಾದ ಮೇಲೆ ಗಂಟೆ ಹೊಡೆದು ತಾನೇ ಏಳುತ್ತದೆ. ಹಳೆಯ ನಾಲ್ಕನ್ನೂ ಗುಜರಿಗೆ ಹಾಕುತ್ತಾರೆ. ನಾನು ಗಡಿಯಾರದ ಕೋಣೆಗೆ ಹೋದೆ.

“ಸಾರ್, ದೊಡ್ಡಮ್ಮ ಒಂದ್ಸಲ ಬಂದು ಆ ಪ್ರೆಸ್ಸು ಹಿಡೀಬಹುದಾ?”

“ಯಾಕೆ?”

ಏನಾದರೂ ಸುಳ್ಳು ಹೇಳಬೇಕೆಂದುಕೊಂಡು ಹೋಗಿದ್ದೆ. ನಿಜವೇ ಬಾಯಿಂದ ಬಂತು. ಆ ಕೋಟು ಸೀದದ್ದೇಕೆ ಎಂಬುದರಿಂದ ಹಿಡಿದು ಬೆತ್ತದ ಕುರ್ಚಿಯ ತನಕ ಎಲ್ಲ ಹೇಳಿದೆ. ಅಷ್ಟು ಹೊತ್ತೂ ಆ ಮನುಷ್ಯ ಒಂದು ಸಲವೂ ಮಣಿಕಟ್ಟು ನೋಡಿಕೊಳ್ಳಲಿಲ್ಲ.

“ಶನಿವಾರ ಮಧ್ಯಾಹ್ನ ಕರ್ಕೊಂಡು ಬನ್ನಿ,” ಎಂದರು. ನಾನು ಬಾಗಿಲು ದಾಟುವಾಗ ಮತ್ತೆ ಕರೆದರು. “ಹರಿದ ಕೋಟು ಒಂದು ಹುಡುಕಿ ಇಡಿ. ಸೀದ್ರೂ ಪರವಾಗಿಲ್ಲ ಅನ್ನೋ ಥರದ್ದು.”

ಶನಿವಾರ ದೊಡ್ಡಮ್ಮ ಬಂದಳು. ಅಂದು ಕೊಟ್ಟ ಶಾಲು ಹೊದ್ದಿದ್ದಳು. ನಾಲ್ಕನೇ ಪ್ರೆಸ್ಸಿನ ಹಿಡಿಯನ್ನು ಒಮ್ಮೆ ಸವರಿದಳು, ಶಾಲು ತೆಗೆದು ನನ್ನ ಕೈಗೆ ಕೊಟ್ಟಳು. ಕೋಟು ಹಾಸಿದಳು, ಕಾಲರು ಎಳೆದಳು, ತೋಳು ಸರಿಮಾಡಿದಳು. ಮುಚ್ಚಳ ಇಳಿಯಿತು. ಆವಿ ಬುಸ್ಸೆಂದಿತು. ಮಿಷನ್ನುಗಳನ್ನೆಲ್ಲ ನಿಲ್ಲಿಸಿದ್ದರು. ನಾವು ಆರೇಳು ಜನ ಗೋಡೆಗೆ ಒತ್ತಿಕೊಂಡು ನಿಂತಿದ್ದೆವು. ಉಸಿರು ಬಿಟ್ಟರೂ ಕೇಳುತ್ತಿತ್ತು. ನನ್ನ ಜನ್ಮದಲ್ಲಿ ಮೊದಲ ಬಾರಿಗೆ ಸೀದ ವಾಸನೆಗಾಗಿ ಕಾದೆ. ಸೀಯಲಿ, ಹೊಗೆ ಬರಲಿ, ಕಪ್ಪಾಗಲಿ ಎಂದು ಎಲ್ಲರೂ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆವು. ಗಡಿಯಾರವೂ.

ಇಪ್ಪತ್ತಕ್ಕೆ ಸರಿಯಾಗಿ ಕೈ ಎದ್ದಿತು. ಕೋಟು ಹಾಲಿನಂತೆ ಬೆಳ್ಳಗಿತ್ತು.

“ಇನ್ನೊಂದ್ಸಲ,” ಎಂದಳು. ಇಪ್ಪತ್ತಕ್ಕೆ ಎದ್ದಿತು. ಕಣ್ಣು ಬಿಗಿಯಾಗಿ ಮುಚ್ಚಿ ಮೂರನೇ ಸಲ ಎಳೆದಳು, ಮೊಣಕೈ ನಡುಗುವ ಹಾಗೆ ಒತ್ತಿದಳು. ಇಪ್ಪತ್ತಕ್ಕೆ ಎದ್ದಿತು. ಮೂರನೇ ಪ್ರೆಸ್ಸಿನವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ದೊಡ್ಡಮ್ಮ ಆ ಹರಿದ ಕೋಟನ್ನು ಜೇಬು ಒಳಗೆ ಬರುವಂತೆ ನೀಟಾಗಿ ಮಡಿಸಿ ಸೂಪರ್‌ವೈಸರ್ ಕೈಗೆ ಕೊಟ್ಟಳು.

“ಕೈ ಕಲಿತುಬಿಟ್ಟಿದೆ ಸಾರ್. ಇನ್ನು ಮರೆಯಲ್ಲ,” ಎಂದಳು. ದೂರಿನ ದನಿಯಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಕೋಟನ್ನು ಎದೆಗೊತ್ತಿಕೊಂಡು ನಿಂತೇ ಇದ್ದರು.

ಹೊಸ ಪ್ರೆಸ್ಸುಗಳು ಬಂದವು. ನಾಲ್ಕನೆಯದರ ಜಾಗದಲ್ಲಿ ಈಗ ನಾನು. ಮುಚ್ಚಳ ಮುಚ್ಚಿರುವಾಗ ಸುಮ್ಮನೆ ನಿಲ್ಲಬಾರದು, ಹಿಂದಿನ ಬಟ್ಟೆಯನ್ನು ಮಡಿಸಿಡಬೇಕು, ಆಗ ಕೆಲಸ ಎರಡರಷ್ಟು ಸಾಗುತ್ತದೆ. ಎಣಿಸುವ ಅಗತ್ಯವೂ ಇಲ್ಲ. ಆದರೆ ಇಷ್ಟು ವರ್ಷದ ಚಟ ಹೋಗುತ್ತದೆಯೇ? ಕೈ ಮಡಿಸುತ್ತಿದ್ದರೂ ಬಾಯಿ ಎಣಿಸುತ್ತಲೇ ಇತ್ತು. ಒಂದು ದಿನ ದೊಡ್ಡಮ್ಮನ ನೆನಪಾಗಿ ಹೊಟ್ಟೆ ಉರಿಯಿತು. ಅಂಕಿ ಬಿಟ್ಟು ಆ ದೇವರಿಗೇ ಬೈದೆ: ‘ದೊಡ್ಡಮ್ಮ ಅಲ್ಲಿದ್ದಾಳೆ, ನೀನೂ ಅಲ್ಲಿಗೆ ಹೋಗು.’ ನಾಲ್ಕು ಸಲ ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಸರಿಹೋಯಿತಲ್ಲ ಎನಿಸಿತು. ಅವತ್ತಿನಿಂದ ಅದೇ ನನ್ನ ಎಣಿಕೆಯಾಯಿತು. ದಿನಕ್ಕೆ ಮುನ್ನೂರು ಸಲ ಅವನನ್ನು ಅವಳ ಮನೆಗೆ ಅಟ್ಟುತ್ತಿದ್ದೆ. ಭಕ್ತಿಯಲ್ಲ, ಜಗಳ. ಹಟಕ್ಕೆ ಬಿದ್ದರೆ ನಾನು ಬಿಡುವವಳಲ್ಲವಲ್ಲ.

ಹೀಗೆ ಎರಡು ತಿಂಗಳು ನಡೆಯಿತು.

ನಿನ್ನೆ ಬೆಳಿಗ್ಗೆ ಹತ್ತರ ಸುಮಾರಿಗೆ ದಿಂಬಿನ ಕವರು ಹಾಕಿ ಗುಂಡಿ ಒತ್ತಿದೆ. ‘ದೊಡ್ಡಮ್ಮ ಅಲ್ಲಿದ್ದಾಳೆ’ ಎಂದು ಶುರುಮಾಡಿದ್ದು ನೆನಪಿದೆ. ಆಮೇಲೆ ಯಾರೋ ಭುಜ ಅಲುಗಿಸಿದರು. ಮೂರನೇ ಪ್ರೆಸ್ಸಿನವಳು.

“ಏನೇ, ಗಂಟೆ ಹೊಡೆದು ಮುಚ್ಚಳ ತೆರ್ಕೊಂಡು ಎಷ್ಟೊತ್ತಾಯ್ತು! ಯಾವ ಲೋಕದಲ್ಲಿದ್ದೀಯಾ?”

ನಾನು ಅವಳನ್ನು ನೋಡಿ ನಕ್ಕೆನಂತೆ. ಅವಳು ಒಂದು ಹೆಜ್ಜೆ ಹಿಂದೆ ಸರಿದು, “ನಿಂಗೂ ಹತ್ತಿತಾ?” ಎಂದಳು. ಕವರು ಬೆಳ್ಳಗೇ ಇತ್ತು. ಹೊಸ ಮಿಷನ್ನಿನಲ್ಲಿ ಏನೂ ಸೀಯುವುದಿಲ್ಲ.

ಮೊದಲು ಸಂತೋಷ, ಅದರ ಹಿಂದೆಯೇ ಕೋಪ. ಇವನಿಗೆ ಬುದ್ಧಿ ಬೇಡವೇ? ದಾರಿ ತೋರಿಸಿ, ಬೈದು, ಅಟ್ಟಿದ್ದು ಒಬ್ಬಳ ಮನೆಗೆ. ಬಂದು ನಿಂತದ್ದು ಕೇಳದವಳ ಹತ್ತಿರ. ಹುಡುಗಿಯಾಗಿದ್ದಾಗಿನಿಂದ ಅವಳು ಬಾ ಎಂದಿದ್ದಾಳೆ. ನಾನು ಎರಡು ತಿಂಗಳು ಹೋಗು ಎಂದಿದ್ದೇನೆ. ಅವಳಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ? ಹೇಳುವುದೇ ಬೇಡ ಎಂದು ತೀರ್ಮಾನಿಸಿಕೊಂಡು ಸಂಜೆ ಅವಳ ಮನೆಗೆ ಹೋದೆ. ಹೋಗದೆ ಇರಲೂ ಆಗಲಿಲ್ಲ.

ದೊಡ್ಡಪ್ಪ ಹೊರಗೆ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ದೊಡ್ಡಮ್ಮ ಕುರ್ಚಿಯಲ್ಲಿ ಕೂತಿದ್ದಳು, ಬಟಾಣಿ ಬಿಡಿಸುತ್ತಾ. ತಲೆಯೆತ್ತಿ ನನ್ನನ್ನು ನೋಡಿದಳು. ಕೈ ನಿಂತಿತು. ಬೆಳಗಿನ ಆ ನಗು ನನ್ನ ಮುಖದಲ್ಲಿ ಇನ್ನೂ ಉಳಿದಿತ್ತೇನೋ.

“ಸೀದು ಹೋಯ್ತಾ?” ಎಂದಳು.

ಬಚ್ಚಿಡಲು ಹೋಗಿದ್ದವಳು ನಾನು. “ಇಲ್ಲ ದೊಡ್ಡಮ್ಮ. ಹೊಸ ಮಿಷನ್ನು. ತಾನೇ ತೆರ್ಕೊಳುತ್ತೆ.”

ಅವಳ ಮುಖ ಸಣ್ಣಗಾಯಿತು. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಬಂತು, ನನಗೆ ಕಂಡಿತು, ಅವಳಿಗೂ ಅದು ನನಗೆ ಕಂಡದ್ದು ಗೊತ್ತಾಯಿತು. ಕಿಟಕಿಯ ಕಡೆ ತಿರುಗಿ ಎರಡು ಬಟಾಣಿ ಬಿಡಿಸಿದಳು.

“ನಿನ್ನ ಹತ್ರ ಕಳಿಸೋಕೆ ನೋಡ್ದೆ,” ಎಂದೆ. “ದೇವರಾಣೆಗೂ. ದಿನಾ ನಿನ್ನ ಹೆಸರೇ ಹೇಳಿದೀನಿ. ದಾರಿ ತಪ್ಪಿ ನನ್ನ ಹತ್ರ ಬಂದ.”

ಬಟಾಣಿಯ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಎದ್ದಳು. ನನ್ನ ಎರಡೂ ತೋಳು ಹಿಡಿದು ಆ ಬೆತ್ತದ ಕುರ್ಚಿಯಲ್ಲಿ ನನ್ನನ್ನು ಕೂರಿಸಿದಳು. ಅಷ್ಟು ವರ್ಷ ಯಾರನ್ನೂ ಕೂರಿಸದ ಕುರ್ಚಿ ಅದು. ತಾನು ಅಡುಗೆಮನೆಯ ಸ್ಟೂಲು ತಂದು, ನನ್ನ ಮುಂದೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಹಾಕಿಕೊಂಡಳು. ದೂರದಿಂದ ಬಂದವರ ಹತ್ತಿರ ಮನೆಯವರ ಸುದ್ದಿ ಕೇಳುವಾಗ ಹಾಗೆ ಕೂರುತ್ತಾರೆ.

“ಹೇಗಿದಾನೆ, ಹೇಳು,” ಎಂದಳು. “ಒಂದೂ ಬಿಡದೆ ಹೇಳು. ನಂಗೆ ಮರೆತುಹೋಗ್ತಾ ಇದೆ.”